ಕೋಲಿನ ಇನ್ನೊಂದು ತುದಿ

ಮಲಾವಿ ಅಂದ್ರೆ ಎಲ್ಲಿದೆ ಅಂತ ಕೇಳುವವರೇ ಹೆಚ್ಚು. ಆಫ್ರಿಕಾದ ಆಗ್ನೇಯಕ್ಕೆ, ಸಮುದ್ರ ತಾಗದ, ಉದ್ದನೆಯ ದೊಡ್ಡ ಸರೋವರವಿರುವ ಪುಟ್ಟ ದೇಶ. ಅಲ್ಲಿನ ಒಂದು ಜಿಲ್ಲಾಸ್ಪತ್ರೆಯಲ್ಲಿ ಎರಡು ವಾರ ನಡೆದ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಶಿಬಿರಕ್ಕೆ ಥಿಯೇಟರ್ ನರ್ಸ್ ಆಗಿ ಹೋಗಿದ್ದೆ. ಸಂಬಳ ಇಲ್ಲ, ಊಟ–ವಸತಿ ಅವರದು.

ಪೊರೆ ಅಂದರೆ ಕಣ್ಣೊಳಗಿನ ಮಸೂರ ಮಂಜಾಗುವುದು. ನಮ್ಮಲ್ಲಿ ಅಕ್ಷರ ಸ್ವಲ್ಪ ಮಸುಕಾದರೂ ಡಾಕ್ಟರ ಹತ್ತಿರ ಓಡುತ್ತೇವೆ. ಅಲ್ಲಿ ಬಂದ ಎಷ್ಟೋ ಜನರ ಕಣ್ಣಪಾಪೆ ಹಾಲಿನಂತೆ ಬೆಳ್ಳಗಾಗಿತ್ತು. ದೊಡ್ಡ ಯಂತ್ರಗಳಿಲ್ಲ. ಕಣ್ಣಿನ ಬಿಳಿಭಾಗದಲ್ಲಿ ಆರೇಳು ಮಿಲಿಮೀಟರ್ ಸೀಳಿ, ಕೆಟ್ಟ ಮಸೂರ ತೆಗೆದು, ಕೃತಕ ಮಸೂರ ಕೂರಿಸುತ್ತಾರೆ. ಹೊಲಿಗೆ ಬೇಡ. ಪಳಗಿದ ಕೈಗೆ ಹತ್ತು–ಹದಿನೈದು ನಿಮಿಷದ ಕೆಲಸ.

ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಕಣ್ಣಿನ ಶಿಬಿರ ನಡೆಸಿದ್ದು ನಮ್ಮ ಹಿರಿಯರಿಗೆ ನೆನಪಿರುತ್ತದೆ. ಆಗ ಆಪರೇಷನ್ ಆದವರಿಗೆ ಸೋಡಾಬುಡ್ಡಿ ಕನ್ನಡಕವೇ ಗತಿ. ಕೃತಕ ಮಸೂರ ತೀರಾ ದುಬಾರಿ. ಮದುರೈನಲ್ಲಿ 1992ರಲ್ಲಿ ಶುರುವಾದ ಆರೋಲ್ಯಾಬ್ ಅದನ್ನು ಅಗ್ಗದಲ್ಲಿ ತಯಾರಿಸಿದ ಮೇಲೆ ಬಡವರ ಕಣ್ಣಿಗೂ ಮಸೂರ ಬಂತು. ಮಲಾವಿಯಲ್ಲಿ ನಾನು ಬಿಚ್ಚಿದ ಡಬ್ಬಿಗಳ ಮೇಲೂ ಮದುರೈ ಹೆಸರೇ ಇತ್ತು.

ಬಂದವರೆಲ್ಲರಿಗೂ ಸರದಿ ಸಿಗುವಂತಿರಲಿಲ್ಲ. ಹಾಗಾಗಿ ಎರಡೂ ಕಣ್ಣು ಕಾಣದವರಿಗೆ ಮೊದಲು, ಅದೂ ಒಂದೇ ಕಣ್ಣಿಗೆ ಅನ್ನುವುದು ನಿಯಮ. ಒಂದು ಕಣ್ಣು ಚೆನ್ನಾಗಿದ್ದ ರೈತರೊಬ್ಬರು ಎರಡು ದಿನ ನಡೆದು ಬಂದಿದ್ದರು. ಅವರನ್ನು ವಾಪಸ್ ಕಳಿಸಿದ ದಿನ ನನಗೆ ಊಟ ಸೇರಲಿಲ್ಲ.

ಅವರ ಬದಲು ಒಳಗೆ ಹೋದದ್ದು ಒಬ್ಬ ಅಜ್ಜಿ. ಅಲ್ಲಿನ ಚಿಚೇವಾ ಭಾಷೆಯಲ್ಲಿ ಹಿರಿಯರನ್ನು ‘ಅಗೋಗೊ’ ಅಂತ ಕರೆಯುತ್ತಾರೆ. ಆಕೆ ಹಿಡಿದಿದ್ದ ಕೋಲಿನ ಇನ್ನೊಂದು ತುದಿ ಹತ್ತು ವರ್ಷದ ಮೊಮ್ಮಗನ ಕೈಯಲ್ಲಿತ್ತು. ಅಜ್ಜಿಯನ್ನು ನಡೆಸಲೆಂದೇ ಎರಡು ವರ್ಷದಿಂದ ಶಾಲೆ ಬಿಟ್ಟಿದ್ದ. ಮರುದಿನ ಪಟ್ಟಿ ಬಿಚ್ಚಿದಾಗ ಅಜ್ಜಿ ಮೊದಲು ನೋಡಿದ್ದು ಅವನ ಹರಿದ ಅಂಗಿಯನ್ನು. ಚೆನ್ನಾಗಿ ಬೈದರು! ಆಮೇಲೆ ಅವನ ತಲೆ ಸವರಿದರು. ಒಂದು ಆಪರೇಷನ್ನಿಂದ ಇಬ್ಬರು ಬಿಡುಗಡೆಯಾಗಿದ್ದರು.

ಆದರೆ ನಾವು ಹೊರಟ ಮೇಲೆ? ಮಲಾವಿಯಲ್ಲಿ ಕಣ್ಣಿನ ವೈದ್ಯರು ಬಹಳ ಕಡಿಮೆ. ಅದಕ್ಕೇ ಎಂಬಿಬಿಎಸ್ ಓದದಿದ್ದರೂ ವಿಶೇಷ ತರಬೇತಿ ಪಡೆದ ಕ್ಲಿನಿಕಲ್ ಆಫೀಸರ್‌ಗಳು ಪೊರೆ ತೆಗೆಯುತ್ತಾರೆ. ನಮ್ಮ ಶಿಬಿರದಲ್ಲಿದ್ದ ಅಂಥವರೊಬ್ಬರು, ಉಳಿದವರ ಪಟ್ಟಿಯನ್ನು ಕೈಯಿಂದಲೇ ಬರೆದಿಟ್ಟುಕೊಂಡರು. ಉಳಿದ ಮಸೂರ, ಕಣ್ಣಿನ ಡ್ರಾಪ್ಸ್ ಎಲ್ಲ ಅವರಿಗೇ ಒಪ್ಪಿಸಿದೆವು. ಆ ರೈತರ ಹೆಸರು ಪಟ್ಟಿಯಲ್ಲಿದೆಯೇ ಅಂತ ನೋಡಿದೆ. ಇತ್ತು.

ಇಂಥ ಸೇವೆಗೆ ಹೋಗಬೇಕು ಅಂತ ಯಾರಿಗಾದರೂ ಅನಿಸಿದರೆ ಖಂಡಿತ ಹೋಗಿ. ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಿ: ಸ್ಥಳೀಯರು ನಮ್ಮ ಜೊತೆ ಕೆಲಸ ಮಾಡುತ್ತಾರಾ? ನಾವು ವಾಪಸಾದ ಮೇಲೆ ಆ ಕಣ್ಣುಗಳನ್ನು ನೋಡುವವರು ಯಾರು? ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ, ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳಿ.