ಕ್ಯಾಮೆರಾ ಕೊಟ್ಟರೆ ಮಕ್ಕಳು ಬರೆದಾರೇ?

1973ರಲ್ಲಿ ಪೆರು ದೇಶದ ಸರ್ಕಾರ ದೊಡ್ಡದೊಂದು ಸಾಕ್ಷರತಾ ಆಂದೋಲನ ಕೈಗೊಂಡಿತು. ಅದರಲ್ಲಿ ದುಡಿದ ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೋ ಬೋಆಲ್ ಒಂದು ಪ್ರಸಂಗ ಬರೆದಿಟ್ಟಿದ್ದಾರೆ. ಕಲಿಯಲು ಬಂದವರ ಕೈಗೆ ಕ್ಯಾಮೆರಾ ಕೊಟ್ಟು, ಪ್ರಶ್ನೆಗೆ ಫೋಟೊದಲ್ಲೇ ಉತ್ತರ ತನ್ನಿ ಎನ್ನಲಾಗಿತ್ತು. ‘ಶೋಷಣೆ ಎಂದರೇನು?’ ಎಂದಾಗ ಕೆಲವರು ದಿನಸಿ ಅಂಗಡಿಯವನ, ಕೆಲವರು ಮನೆ ಮಾಲೀಕನ ಫೋಟೊ ತಂದರು. ಒಬ್ಬ ಹುಡುಗ ತಂದದ್ದು ಗೋಡೆಗೆ ಹೊಡೆದ ಮೊಳೆಯ ಚಿತ್ರ.

ದೊಡ್ಡವರಿಗೆ ತಲೆಬುಡ ತಿಳಿಯಲಿಲ್ಲ. ಉಳಿದ ಹುಡುಗರು ಮಾತ್ರ ಹೌದು ಹೌದೆಂದರು. ಅಲ್ಲಿನ ಎಷ್ಟೋ ಹುಡುಗರು ಪೇಟೆಯಲ್ಲಿ ಬೂಟ್ ಪಾಲಿಶ್ ಮಾಡುವವರು. ಭಾರದ ಪೆಟ್ಟಿಗೆಯನ್ನು ದಿನಾ ಕೊಳೆಗೇರಿಯ ಮನೆಗೆ ಹೊತ್ತೊಯ್ಯಲಾಗದೆ ಅಂಗಡಿಯ ಗೋಡೆಗೆ ನೇತುಹಾಕಿ ಹೋಗುತ್ತಿದ್ದರು. ಆ ಮೊಳೆಗೂ ಬಾಡಿಗೆ ಕಟ್ಟಬೇಕಿತ್ತು.

ಹೇಳುವವರಿಲ್ಲದಿದ್ದರೆ ಅದು ಬರೀ ಮೊಳೆ. ಫೋಟೊ ಮೂಲಕ ಬರವಣಿಗೆ ಕಲಿಸುವ ವಿಧಾನ ನಿಂತಿರುವುದು ಈ ಕೊರತೆಯ ಮೇಲೇ. ಚಿತ್ರದಲ್ಲಿ ಕಾಣದೆ ಉಳಿದದ್ದು ಅದನ್ನು ತೆಗೆದ ಮಗುವಿಗಷ್ಟೇ ಗೊತ್ತು. ನೋಡುವವರು ‘ಇದೇನು?’ ಎಂದು ಕೇಳಿದಾಗ ಹೇಳದೆ ಬೇರೆ ದಾರಿಯಿಲ್ಲ.

ಇದನ್ನು ಶಾಲೆಯ ಪಾಠವಾಗಿ ಬೆಳೆಸಿದವರಲ್ಲಿ ಅಮೆರಿಕದ ಛಾಯಾಗ್ರಾಹಕಿ ವೆಂಡಿ ಈವಾಲ್ಡ್ ಪ್ರಮುಖರು. 1969ರಲ್ಲಿ ಕೆನಡಾದ ಮೂಲನಿವಾಸಿ ಮಕ್ಕಳಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದ ಅವರು, 1975ರಿಂದ ಕೆಂಟಕಿ ರಾಜ್ಯದ ಕಲ್ಲಿದ್ದಲು ಗಣಿ ಸೀಮೆಯಲ್ಲಿ ಶಿಕ್ಷಕಿಯಾದರು. ಮಕ್ಕಳು ತಮ್ಮನ್ನು, ಮನೆಯವರನ್ನು, ಸಾಕುಪ್ರಾಣಿಗಳನ್ನು ಸೆರೆಹಿಡಿದರು; ಕೊನೆಗೆ ಕನಸುಗಳನ್ನೂ.

ಕನಸಿನ ಫೋಟೊ ತೆಗೆಯುವುದು ಹೇಗೆ? ಜೀವದ ಗೆಳೆಯನನ್ನು ತಾನೇ ಕೊಂದಂತೆ ಕನಸು ಕಂಡ ಹುಡುಗನೊಬ್ಬ, ಆ ಗೆಳೆಯನನ್ನೇ ಮರದ ಕವಲಿನಲ್ಲಿ ಮಲಗಿಸಿ ಚಿತ್ರ ತೆಗೆದ. ಯಾರು ಬೇಕು, ಎಲ್ಲಿ ನಿಲ್ಲಬೇಕು, ಏನನ್ನು ಚೌಕಟ್ಟಿನಿಂದ ಹೊರಗಿಡಬೇಕು ಎಂಬುದೆಲ್ಲ ಬಟನ್ ಒತ್ತುವ ಮುನ್ನವೇ ತೀರ್ಮಾನವಾಗಬೇಕು. ಕಥೆ ಬರೆಯುವವರೂ ಮಾಡುವುದು ಇದನ್ನೇ. ಈ ಮಕ್ಕಳ ಚಿತ್ರ, ಮಾತುಗಳು 1985ರಲ್ಲಿ ‘ಪೋರ್ಟ್ರೇಟ್ಸ್ ಅಂಡ್ ಡ್ರೀಮ್ಸ್’ ಎಂಬ ಪುಸ್ತಕವಾದವು. ಮುಂದೆ ಈವಾಲ್ಡ್ ಗುಜರಾತಿನ ಹಳ್ಳಿಯೊಂದರ ಮಕ್ಕಳ ಜೊತೆಗೂ ಕೆಲಸ ಮಾಡಿದರು.

ಉತ್ತರ ಕೆರೊಲಿನಾದ ಡರ್ಹಮ್ ಊರಿನಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಸಾಕ್ಷ್ಯಚಿತ್ರ ಅಧ್ಯಯನ ಕೇಂದ್ರದ ಆಶ್ರಯದಲ್ಲಿ, ಅವರ ಈ ವಿಧಾನ ‘ಲಿಟರಸಿ ಥ್ರೂ ಫೋಟೋಗ್ರಫಿ’ ಎಂಬ ಕಾರ್ಯಕ್ರಮವಾಗಿ ಸರ್ಕಾರಿ ಶಾಲೆಗಳಿಗೆ ಬಂತು. ನಾನು, ನನ್ನ ಮನೆ, ನನ್ನ ಊರು, ನನ್ನ ಕನಸು ಎಂಬ ನಾಲ್ಕು ವಿಷಯಗಳು. ಮೊದಲು ಬೇರೆಯವರ ಫೋಟೊ ನೋಡಿ ಚರ್ಚೆ, ಬಳಿಕ ಏನು ತೆಗೆಯಬೇಕೆಂದು ಬರೆಯುವುದು, ಆಮೇಲೆ ಕ್ಯಾಮೆರಾ, ಚಿತ್ರ ಕೈಗೆ ಬಂದ ಮೇಲೆ ಮತ್ತೆ ಬರವಣಿಗೆ. ಇನ್ನೊಮ್ಮೆ ಇದೇ ಊರಿನ ಮಕ್ಕಳಿಗೆ ತಮ್ಮ ದೇಹದಲ್ಲಿ ತಮಗೆ ಇಷ್ಟವಾದ ಅಂಗವನ್ನು ಆರಿಸಿ ಬರೆಯಲು ಹೇಳಲಾಯಿತು. ಫೋಟೊದ ಜೊತೆಗೆ ಅವರದೇ ಕೈಬರಹವನ್ನು ಸೇರಿಸಿದ ‘ದಿ ಬೆಸ್ಟ್ ಪಾರ್ಟ್ ಆಫ್ ಮಿ’ 2002ರಲ್ಲಿ ಪ್ರಕಟವಾಯಿತು.

‘ಚಿತ್ರ ನೋಡಿ ಕಥೆ ಬರೆಯಿರಿ’ ಎಂಬ ಅಭ್ಯಾಸ ಕನ್ನಡ ಶಾಲೆಗಳಿಗೂ ಹೊಸದಲ್ಲ. ಆದರೆ ಅಲ್ಲಿ ಇಡೀ ತರಗತಿಗೆ ಒಂದೇ ಚಿತ್ರ. ಅದರಲ್ಲಿ ಏನಿದೆಯೆಂದು ಮೇಷ್ಟರಿಗೆ ಮೊದಲೇ ಗೊತ್ತು. ಮಗು ತಾನೇ ತೆಗೆದ ಹಿತ್ತಲಿನ ಚಿತ್ರದ ವಿಷಯದಲ್ಲಿ ಮೇಷ್ಟರೂ ಕೇಳಿಯೇ ತಿಳಿಯಬೇಕು.

ಡ್ಯೂಕ್ ತಂಡದ ಈ ವಿಧಾನ ಟಾಂಜಾನಿಯಾದ ಅರುಷಾ ಶಾಲೆಗಳಿಗೂ ಹೋಗಿದೆ. ಮಕ್ಕಳು ಹೆಚ್ಚು, ಕ್ಯಾಮೆರಾ ಕಡಿಮೆ ಇರುವ ಕಡೆ ಗುಂಪು ಮಾಡಿ ಒಂದೊಂದು ಚಿತ್ರವನ್ನು ಯೋಜಿಸಬಹುದು. ಯಾವುದನ್ನು ತೆಗೆಯೋಣ ಎಂದು ಮಕ್ಕಳು ವಾದಿಸುವಾಗಲೇ ಅರ್ಧ ಭಾಷಾಪಾಠ ಮುಗಿದಿರುತ್ತದೆ. ಕ್ಯಾಮೆರಾ ರೀಲಿಗೆ ಇಷ್ಟೇ ಚಿತ್ರ ಎಂಬ ಮಿತಿಯಿದ್ದ ಕಾಲದಲ್ಲಿ ಹೀಗೆ ಅಳೆದು ಸುರಿಯುವುದು ಅನಿವಾರ್ಯವಾಗಿತ್ತು. ಈಗ ಶಿಕ್ಷಕರ ಜೇಬಿನಲ್ಲಿರುವ ಫೋನೇ ಸಾಕು, ಆದರೆ ಆ ಮಿತಿಯನ್ನು ಅವರೇ ಹಾಕಬೇಕು: ಗುಂಪಿಗೆ ಎರಡೇ ಫೋಟೊ, ಅದೂ ಏನು ತೆಗೆಯುತ್ತೇವೆ, ಏಕೆ ಎಂದು ನಾಲ್ಕು ಸಾಲು ಬರೆದು ತೋರಿಸಿದ ಮೇಲೆ.