ಹಿರಿಯರ ಮ್ಯಾರಥಾನ್: ವೇಗ ಕುಂದಿದರೂ ಹಠ ಬಿಡದ ಫೌಜಾ ಸಿಂಗ್

ಹುನ್ನೂರ (ಜಮಖಂಡಿ): ಎಪ್ಪತ್ತು ದಾಟಿದ ತಂದೆಯೋ ತಾಯಿಯೋ ಮ್ಯಾರಥಾನ್ ಓಡಲು ಹೊರಟರೆ ಮಕ್ಕಳು ಕಳವಳಗೊಳ್ಳುವುದು ಸಹಜ. ಒಮ್ಮೆ ಎಡವಿ ಬಿದ್ದರೆ, ಮೊಣಕಾಲು ನೋವೆಂದರೆ, "ಇನ್ನು ಸಾಕು" ಎಂಬ ಒತ್ತಾಯ ಮನೆಯಲ್ಲಿ ಆರಂಭವಾಗುತ್ತದೆ. 42.195 ಕಿ.ಮೀ. ದೂರದ ಈ ಓಟವನ್ನು ನಿಲ್ಲಿಸಲು ವಯಸ್ಸೊಂದೇ ಸಾಕಾದ ಕಾರಣವೇ? ಪಂಜಾಬಿನ ರೈತ ಫೌಜಾ ಸಿಂಗ್ ಅವರ ಬದುಕು ಈ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ನೀಡುತ್ತದೆ.

ಮಗನನ್ನು ಕಳೆದುಕೊಂಡ ಮೇಲೆ

ಪಾಸ್‌ಪೋರ್ಟ್ ಪ್ರಕಾರ ಫೌಜಾ ಸಿಂಗ್ ಜನಿಸಿದ್ದು 1911ರ ಏಪ್ರಿಲ್ 1ರಂದು, ಜಲಂಧರ್ ಸಮೀಪದ ಬಿಯಾಸ್ ಪಿಂಡ್ ಗ್ರಾಮದಲ್ಲಿ. ಕಾಲುಗಳಲ್ಲಿ ಬಲವಿಲ್ಲದೆ ಐದು ವರ್ಷದವರೆಗೂ ಅವರಿಗೆ ನಡೆಯಲಾಗಿರಲಿಲ್ಲ. 1992ರಲ್ಲಿ ಪತ್ನಿ ತೀರಿಕೊಂಡರು. 1994ರಲ್ಲಿ ಮಗ ಕುಲದೀಪ್ ಅಪಘಾತದಲ್ಲಿ ಸಾವಿಗೀಡಾದರು. ದುಃಖದಲ್ಲಿ ಮುಳುಗಿದ್ದ ಅವರು ಇಂಗ್ಲೆಂಡಿನಲ್ಲಿದ್ದ ಮತ್ತೊಬ್ಬ ಮಗನ ಮನೆ ಸೇರಿ, ಅಲ್ಲಿ ಓಟವನ್ನು ಕೈಗೆತ್ತಿಕೊಂಡರು. 2000ದ ಲಂಡನ್ ಮ್ಯಾರಥಾನ್ ಅವರ ಮೊದಲ ಸ್ಪರ್ಧೆ. ಆಗ ಅವರಿಗೆ 89 ವರ್ಷ. ಓಟ ಮುಗಿಸಲು ಅವರಿಗೆ ಹಿಡಿದದ್ದು 6 ಗಂಟೆ 54 ನಿಮಿಷ.

2003ರಲ್ಲಿ ಟೊರಾಂಟೊದಲ್ಲಿ ಅವರು ಇದೇ ದೂರವನ್ನು 5 ಗಂಟೆ 40 ನಿಮಿಷಗಳಲ್ಲಿ ಕ್ರಮಿಸಿದರು. ಎಂಟು ವರ್ಷಗಳ ನಂತರ, 2011ರ ಅಕ್ಟೋಬರ್ 16ರಂದು ಅದೇ ನಗರದಲ್ಲಿ ನೂರರ ವಯಸ್ಸಿನಲ್ಲಿ ಓಡಿದಾಗ ಎಂಟು ಗಂಟೆಗೂ ಹೆಚ್ಚು ಸಮಯ ಬೇಕಾಯಿತು. ಅವರ ಜನನ ಪ್ರಮಾಣಪತ್ರ ಇಲ್ಲದ ಕಾರಣ ಗಿನ್ನೆಸ್ ಸಂಸ್ಥೆ ಆ ದಾಖಲೆಯನ್ನು ಮಾನ್ಯ ಮಾಡಲಿಲ್ಲ. ಆದರೂ 2012ರಲ್ಲಿ ಅವರು ಮತ್ತೆ ಲಂಡನ್ ಮ್ಯಾರಥಾನ್ ಓಡಿದರು. ಅದೇ ಅವರ ಕೊನೆಯ ಪೂರ್ಣ ಮ್ಯಾರಥಾನ್. 2013ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗ್‌ನಲ್ಲಿ 10 ಕಿ.ಮೀ. ಓಡಿ ಸ್ಪರ್ಧೆಗಳಿಂದ ನಿವೃತ್ತರಾದರು. ನಡಿಗೆಯನ್ನು ಮಾತ್ರ ಬಿಡಲಿಲ್ಲ.

ಅವರ ಹಠದ ಬಗೆ ಗಮನಾರ್ಹ. ದೇಹ ನಿಧಾನವಾದಂತೆ ವೇಗ ತಗ್ಗಿಸಿದರು, ನಂತರ ದೂರವನ್ನೂ ಕಡಿಮೆ ಮಾಡಿದರು.

ದೇಹದಲ್ಲಿ ಆಗುವುದೇನು?

ಶ್ರಮದ ವೇಳೆ ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ, ವ್ಯಾಯಾಮವಿಲ್ಲದವರಲ್ಲಿ ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 10ರಷ್ಟು ಕುಸಿಯುತ್ತದೆ. ನಿಯಮಿತವಾಗಿ ಓಡುವವರಲ್ಲಿ ಈ ಕುಸಿತವನ್ನು ಬಹುಮಟ್ಟಿಗೆ ನಿಧಾನಗೊಳಿಸಬಹುದು, ಪೂರ್ತಿ ತಡೆಯಲಾಗದು. ವಯಸ್ಸಾದಂತೆ ಸ್ನಾಯುಗಳೂ ಕರಗುತ್ತವೆ. ಪೆಟ್ಟು ಮಾಯಲು ಹೆಚ್ಚು ದಿನ ಹಿಡಿಯುತ್ತದೆ. ಆದ್ದರಿಂದ ಇಪ್ಪತ್ತರ ತರುಣನಿಗೆ ಹಾಕಿದ ತರಬೇತಿ ಪಟ್ಟಿ ಎಪ್ಪತ್ತರ ಹಿರಿಯರಿಗೆ ಹೊಂದದು. ಎರಡು ಓಟಗಳ ನಡುವೆ ಅವರಿಗೆ ಹೆಚ್ಚು ವಿಶ್ರಾಂತಿ, ವಾರಕ್ಕೆರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಅಗತ್ಯ.

ಮಿತವಾಗಿ ಓಡುವುದರಿಂದ ಮೊಣಕಾಲು ಸವೆದುಹೋಗುತ್ತದೆ ಎಂಬ ಭಯ ವ್ಯಾಪಕವಾಗಿದ್ದರೂ ಅಧ್ಯಯನಗಳು ಅದನ್ನು ಸಮರ್ಥಿಸುವುದಿಲ್ಲ. ಈಗಾಗಲೇ ಗಾಯವಾಗಿರುವ ಮೊಣಕಾಲಿನ ವಿಷಯ ಬೇರೆ. ಅದಕ್ಕೆ ವೈದ್ಯರ ಸಲಹೆ ಬೇಕೇಬೇಕು.

ಮನೆಯವರು ಯಾವಾಗ ತಡೆಯಬೇಕು?

ಓಡುವಾಗ ಎದೆ ನೋವು, ತಲೆಸುತ್ತು, ಮಿತಿಮೀರಿದ ಏದುಸಿರು ಕಂಡರೆ ಓಟವನ್ನು ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊಸದಾಗಿ ಆರಂಭಿಸುವ ಹಿರಿಯರು ಹೃದಯ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವವರು ಓಟದ ದಿನ ಅದನ್ನು ಹೇಗೆ, ಯಾವಾಗ ತೆಗೆದುಕೊಳ್ಳಬೇಕೆಂದು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಸ್ನಾಯು ಸೆಳೆತ, ಮೈಕೈ ನೋವಿನಂತಹ ತೊಂದರೆಗಳಿಗೆ ಕೆಲವು ದಿನಗಳ ವಿಶ್ರಾಂತಿ ಸಾಮಾನ್ಯವಾಗಿ ಸಾಕು. ಅಷ್ಟಕ್ಕೇ ಓಟವನ್ನು ಶಾಶ್ವತವಾಗಿ ಬಿಡಿಸಬೇಕಿಲ್ಲ.

ರಸ್ತೆಯೇ ದೊಡ್ಡ ಅಪಾಯ

ದೂರದ ಓಟ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 19ನೇ ಸ್ಥಾನ ಪಡೆದಿದ್ದರು. ಆದರೆ ಹಿರಿಯರು ಸುರಕ್ಷಿತವಾಗಿ ಓಡಬಲ್ಲ ಜಾಗ ಇಲ್ಲಿ ವಿರಳ. ಹುನ್ನೂರ ಸೇರಿದಂತೆ ಜಮಖಂಡಿ, ಮುಧೋಳ ಭಾಗ ಕಬ್ಬಿನ ಸೀಮೆ. ಕಾರ್ಖಾನೆಗಳ ಹಂಗಾಮು ಆರಂಭವಾದರೆ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ನಸುಕಿನಲ್ಲೂ ರಸ್ತೆ ತುಂಬ ಸಾಗುತ್ತವೆ. ಬೇಸಿಗೆಯ ಬಿಸಿಲಿನಿಂದಾಗಿ ನಸುಕಿನಲ್ಲೇ ಹೊರಡದೆ ಗತಿಯಿಲ್ಲ. ವಾಹನಗಳಿಗೆ ಎದುರು ಮುಖವಾಗಿ ರಸ್ತೆ ಅಂಚಿನಲ್ಲಿ ಸಾಗುವುದು, ಬೆಳಕಿಗೆ ಹೊಳೆಯುವ ಪಟ್ಟಿಯಿರುವ ಅಂಗಿ ತೊಡುವುದು, ಸಾಧ್ಯವಾದರೆ ಶಾಲೆ ಅಥವಾ ಕಾಲೇಜು ಮೈದಾನವನ್ನೇ ಬಳಸುವುದು ಸುರಕ್ಷಿತ.

2025ರ ಜುಲೈ 14ರಂದು ಫೌಜಾ ಸಿಂಗ್ ನಿಧನರಾದರು. ಆಗ ಅವರ ವಯಸ್ಸು 114. ಸಾವಿಗೆ ಕಾರಣ ಓಟವಾಗಿರಲಿಲ್ಲ. ತಮ್ಮೂರಿನ ಬಳಿ ರಸ್ತೆಯಲ್ಲಿ ವಾಹನವೊಂದು ಅವರಿಗೆ ಡಿಕ್ಕಿ ಹೊಡೆದಿತ್ತು. ಓಡುವ ಹಿರಿಯರನ್ನು ಮನೆಯಲ್ಲೇ ಕೂರಿಸುವ ಮೊದಲು ಅವರು ಓಡುವ ದಾರಿ ಹೇಗಿದೆ ಎಂದು ಮಕ್ಕಳು ಒಮ್ಮೆ ನೋಡಿ ಬರುವುದು ಲೇಸು.