ಮೋಟಾರಿನ ಗದ್ದಲ, ಯಂತ್ರದ ಕಿವಿ

ಗೋವಾ ಅಂದರೆ ಪಟ್ಟಣದವರಿಗೆ ಸಮುದ್ರ ದಂಡೆ ನೆನಪಾಗುತ್ತದೆ. ನಮ್ಮ ಬಳ್ಳಾರಿ, ಕೊಪ್ಪಳ, ಗದಗ ಕಡೆಯವರಿಗೆ ನೆನಪಾಗುವುದು ದುಡಿಮೆ. ಗುಂತಕಲ್ಲು, ಬಳ್ಳಾರಿ, ಹುಬ್ಬಳ್ಳಿ ಮೇಲೆ ಹಾದು ವಾಸ್ಕೋಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಹೋದ ಎಷ್ಟೋ ಮಂದಿ ಅಲ್ಲಿಯೇ ನೆಲೆ ನಿಂತಿದ್ದಾರೆ. ವಾಸ್ಕೋ ಬಳಿಯ ಜುವಾರಿನಗರದಲ್ಲಿ, ಹಳಬರ ಬಾಯಲ್ಲಿ ಅದು 'ಬಿರ್ಲಾ', ಕನ್ನಡದಲ್ಲಿ ಕೂಗಿದರೆ ಹತ್ತು ಬಾಗಿಲು ತೆರೆಯುತ್ತವೆ.

ಅಲ್ಲಿ ನನ್ನ ಸೋದರಳಿಯ ಬಡಿಗತನ ಮಾಡಿಕೊಂಡಿದ್ದಾನೆ. ಬಾಗಿಲು, ದೇವರ ಮಂಟಪ, ಅಂಗಡಿ ಬೋರ್ಡು ಕೆತ್ತಲು ಸಿಎನ್‌ಸಿ ಯಂತ್ರವೊಂದನ್ನು ತಾನೇ ಕಟ್ಟಿದ್ದಾನೆ. ಕಂಪ್ಯೂಟರು ಕೊಟ್ಟ ಲೆಕ್ಕದಂತೆ ಉಳಿಯನ್ನು ಉದ್ದ, ಅಗಲ, ಆಳ ಮೂರೂ ಕಡೆ ನಡೆಸುವ ಯಂತ್ರ ಅದು. ಅಂಕಿ ಓದಿ ನಡೆಯುವ ಇಂಥ ಯಂತ್ರವನ್ನು 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ತೋರಿಸಿದಾಗ ಅದರ ಲೆಕ್ಕದ ಭಾಗಕ್ಕೇ ದೊಡ್ಡ ದೊಡ್ಡ ಬೀರುಗಳು ಬೇಕಾಗಿದ್ದವಂತೆ. ಈಗ ಅಂಗೈಯಗಲದ ಆರ್ಡುಯಿನೊ ಬೋರ್ಡು, ಜಿಆರ್‌ಬಿಎಲ್ ಎಂಬ ಪುಕ್ಕಟೆ ತಂತ್ರಾಂಶ ಸಾಕು. ಚೌಕಟ್ಟಿನ ಕಬ್ಬಿಣ ಗುಜರಿಯದು, ಮೋಟಾರು ಚೀನಾದ್ದು, ಸಾಲ ಸೊಸೈಟಿಯದು.

ಹೋದ ಬೇಸಿಗೆಯಲ್ಲಿ ನಾನು ಹೋದಾಗ ಹುಡುಗನ ಮುಖ ಬಾಡಿತ್ತು. 'ಮಾವಾ, ಮೋಟ್ರು ಬಂದ್ ಇದ್ರ ಮಷೀನು ಕುದುರಿ ಹಂಗ ಓಡತೈತಿ. ಮೋಟ್ರು ಚಾಲೂ ಮಾಡಿದ್ರ ಸಾಕು, ನಿಂತ ಬಿಡತೈತಿ' ಅಂದ. ತೋರಿಸಿದ ಕೂಡ. ಚೌಕಟ್ಟಿನ ಅಂಚಿಗೆ ಬಂದಾಗ ನಿಲ್ಲಿಸಲೆಂದು ಲಿಮಿಟ್ ಸ್ವಿಚ್ ಇರುತ್ತದೆ. ಉಳಿ ನಡುಹಲಗೆಯಲ್ಲೇ ಇದೆ, ಸ್ವಿಚ್ಚನ್ನು ಯಾರೂ ಮುಟ್ಟಿಲ್ಲ, ಆದರೂ ಯಂತ್ರ 'ಅಂಚಿಗೆ ಬಂದೆ' ಎಂದು ಸುಳ್ಳು ಹೇಳಿ ನಿಲ್ಲುತ್ತದೆ. ಒಂದು ಸಲ ನಿಲ್ಲದೆ ಲೆಕ್ಕ ತಪ್ಪಿ, ಗಿರಾಕಿ ಕೊಟ್ಟ ಸಾಗವಾನಿ ಹಲಗೆಯ ಕಮಲದ ಮೇಲೆಯೇ ಗೆರೆ ಎಳೆದುಬಿಟ್ಟಿತ್ತು. ಆ ಹಲಗೆಯ ದುಡ್ಡು ತುಂಬಿಕೊಟ್ಟು ಅವನ ಕೈ ಬರಿದಾಗಿತ್ತು. ಬೋರ್ಡು ಸುಟ್ಟಿದೆ, ಹೊಸದು ಹಾಕು ಎಂದು ಒಬ್ಬ ಹೇಳಿದ್ದ. ಹೊಸದಕ್ಕೂ ಅದೇ ಗತಿ. ಇನ್ನೊಬ್ಬ ಮೆಕ್ಯಾನಿಕ್ಕು ಇನ್ನೂ ಮುಂದೆ ಹೋಗಿ, ಅರ್ತ್ ವೈರು ಕಿತ್ತು ಹಾಕು ಅಂದಿದ್ದ. ಈ ಎರಡನೆಯ ಮಾತಿಗೆ ಆಮೇಲೆ ಬರುತ್ತೇನೆ.

ಈ ಕಾಟಕ್ಕೆ ಇಂಗ್ಲಿಷಿನಲ್ಲಿ ನಾಯ್ಸ್ ಅಂತಾರೆ. ಕನ್ನಡದಲ್ಲಿ ಗದ್ದಲ ಅನ್ನೋಣ. ತೆಲುಗಿನಲ್ಲಿ 'ಗೋಲ'. ನನಗೇನೋ ಗೋಲವೇ ಸರಿ ಅನ್ನಿಸುತ್ತದೆ, ಅದರ ಪಕ್ಕದಲ್ಲೇ ನಮ್ಮ ಗೋಳೂ ಇದೆಯಲ್ಲ! ಈ ಗದ್ದಲ ಹುಟ್ಟುವುದು ಹೀಗೆ. ಕೊರೆಯುವ ಮೋಟಾರು 2.2 ಕಿಲೋವ್ಯಾಟಿನದು, ಅಂದರೆ ಸುಮಾರು ಮೂರು ಎಚ್‌ಪಿ. ನಿಮಿಷಕ್ಕೆ 24,000 ಸುತ್ತು ತಿರುಗಬೇಕಾದರೆ ಅದಕ್ಕೆ 400 ಹರ್ಟ್ಸ್ ಕರೆಂಟು ಬೇಕು. ಮನೆಗೆ ಬರುವುದು 50 ಹರ್ಟ್ಸ್. ಅದನ್ನು ಬದಲಿಸಿ ಕೊಡುವ ಡಬ್ಬಿಯೇ ವಿಎಫ್‌ಡಿ. ಅದು 230 ವೋಲ್ಟಿನ ಕರೆಂಟನ್ನು ಮೊದಲು ಸುಮಾರು 325 ವೋಲ್ಟಿನ ಡಿ.ಸಿ. ಮಾಡಿಕೊಂಡು, ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಮೋಟಾರಿಗೆ ಕಳಿಸುತ್ತದೆ. ಆ ಒಂದೊಂದು ಕಡಿತವೂ ಚಾಟಿ ಏಟಿನ ಹಾಗೆ. ಪಕ್ಕದಲ್ಲೇ ಸ್ವಿಚ್ಚಿನ ವೈರು ಮಲಗಿದ್ದರೆ ಮುಟ್ಟದೆಯೇ ಅದಕ್ಕೂ ಏಟು ತಾಗುತ್ತದೆ. ಸ್ವಿಚ್ಚಿನ ವೈರಿನಲ್ಲಿ ಇರುವುದು ಬರೇ 5 ವೋಲ್ಟು. ಬೋರ್ಡು ಕೇಳುವುದು ಆ ಪಿಸುಮಾತನ್ನು. ಹಲಗೆ ಬಾರಿಸುವವನ ಪಕ್ಕ ಕೂತು ಗುಟ್ಟು ಕೇಳಿದರೆ ಏನು ಕೇಳಿಸೀತು?

ನಮ್ಮ ಹುಡುಗ ಎಲ್ಲ ವೈರುಗಳನ್ನೂ ಒಂದೇ ಕಟ್ಟು ಕಟ್ಟಿ, ಒಂದೇ ಚೈನಿನಲ್ಲಿ ಹಾಯಿಸಿದ್ದ. ನೋಡಲು ಚೆಂದವಿತ್ತು.

ಗದ್ದಲ ಎಲ್ಲಿಂದ ಬರುತ್ತದೆಂದು ಹುಡುಕಲು ದುಬಾರಿ ಸಾಧನ ಬೇಕಿಲ್ಲ. ಒಂದು ಹಳೇ ಟ್ರಾನ್ಸಿಸ್ಟರ್ ರೇಡಿಯೋ ಸಾಕು. ಮೀಡಿಯಂ ವೇವ್‌ನಲ್ಲಿ ಯಾವ ಕೇಂದ್ರವೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಮೋಟಾರು ಚಾಲೂ ಮಾಡಿ, ವೈರಿನ ಗುಂಟ ರೇಡಿಯೋ ಹಿಡಿದು ನಡೆದೆವು. ವಿಎಫ್‌ಡಿಯಿಂದ ಮೋಟಾರಿಗೆ ಹೋಗುವ ವೈರಿನ ಹತ್ತಿರ ಅದು ಜೀರುಂಡೆಯ ಹಾಗೆ ಕಿರುಚಿತು. ಇದೇನು ಹೊಸ ವಿದ್ಯೆಯಲ್ಲ. ಕರೆಂಟಿನ ಯಂತ್ರಗಳು ರೇಡಿಯೋ ಕೆಡಿಸುತ್ತವೆ ಎಂಬ ದೂರಿಗಾಗಿಯೇ 1934ರಲ್ಲಿ ಸಿಐಎಸ್‌ಪಿಆರ್ ಎಂಬ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತು.

ರಿಪೇರಿಗೆ ಕೈಹಾಕಿದವರು ವೆರ್ಣಾ ಕೈಗಾರಿಕಾ ವಸಾಹತಿನಲ್ಲಿ ದುಡಿದು ಅನುಭವವಿದ್ದ ಗದಗ ಸೀಮೆಯ ಎಲೆಕ್ಟ್ರಿಷಿಯನ್ನರು. ಅವರು ಮೊದಲು ಮಾಡಿದ್ದು ಕರೆಂಟು ತೆಗೆದು ಹತ್ತು ನಿಮಿಷ ಸುಮ್ಮನೆ ಕೂತದ್ದು. ವಿಎಫ್‌ಡಿಯೊಳಗಿನ ಕೆಪಾಸಿಟರುಗಳು ಸ್ವಿಚ್ ಆರಿಸಿದ ಮೇಲೂ ಕೆಲವು ನಿಮಿಷ ಹೊಡೆಯುವಷ್ಟು ಕರೆಂಟು ಹಿಡಿದಿರುತ್ತವೆ. ಆಮೇಲೆ ಮಲ್ಟಿಮೀಟರ್ ತೆಗೆದು ಮೋಟಾರಿನ ಪ್ಲಗ್ಗಿನ ನಾಲ್ಕನೆಯ ಕಡ್ಡಿಗೂ ಮೋಟಾರಿನ ಮೈಗೂ ಹಿಡಿದರು. ಮೀಟರು ಕದಲಲಿಲ್ಲ. ಅರ್ತ್‌ಗೆಂದು ಇಟ್ಟ ಕಡ್ಡಿಗೆ ಒಳಗೆ ವೈರೇ ಇರಲಿಲ್ಲ! ಅಗ್ಗದ ಮೋಟಾರುಗಳಲ್ಲಿ ಇದು ಅಪರೂಪವಲ್ಲವಂತೆ. 'ಅರ್ಥವಿಲ್ಲದ ಮೋಟ್ರು' ಅಂದೆ. ಅವರು ನಗಲಿಲ್ಲ. 'ಒಳಗ ಒಂದು ವೈರು ಸುಟ್ಟು ಮೈಗೆ ತಾಗಿದ್ರ ಹುಡುಗ ಹೋಗಿಬಿಡತಿದ್ದ ನೋಡ್ರಿ' ಅಂದರು. ಅರ್ತ್ ಕಿತ್ತರೆ ಗದ್ದಲ ಕೆಲವೊಮ್ಮೆ ಕಡಿಮೆಯಾದಂತೆ ಕಂಡೀತು, ಆದರೆ ಯಂತ್ರ ಮುಟ್ಟಿದವನ ಜೀವ ಅದಕ್ಕೆ ಬೆಲೆ. ಆ ಮೆಕ್ಯಾನಿಕ್ಕಿನ ಸಲಹೆಯನ್ನು ಯಾರೂ ಕೇಳಬಾರದು.

ಮುಚ್ಚಳ ಬಿಚ್ಚಿ ಆ ಕಡ್ಡಿಯನ್ನು ಮೋಟಾರಿನ ಮೈಗೆ ಜೋಡಿಸಿದರು. ಸಾದಾ ವೈರು ತೆಗೆದು, ಮೇಲೆ ತಾಮ್ರದ ಜಾಲರಿ ಇರುವ ನಾಲ್ಕೆಳೆಯ ಶೀಲ್ಡೆಡ್ ಕೇಬಲ್ ಹಾಕಿದರು. ಜಾಲರಿಯನ್ನು ವಿಎಫ್‌ಡಿ ಕಡೆಯೂ ಮೋಟಾರಿನ ಕಡೆಯೂ ಲೋಹಕ್ಕೆ ಸುತ್ತಲೂ ಒತ್ತಿ ಬಿಗಿದರು. ಸ್ವಿಚ್ಚಿನ ವೈರಿಗೂ ಜಾಲರಿ ಬಂತು, ಆದರೆ ಅದಕ್ಕೆ ಅರ್ತ್ ಬೋರ್ಡಿನ ಕಡೆ ಮಾತ್ರ. ಎರಡೂ ಕಡೆ ಕೊಟ್ಟರೆ ಬೇಡದ ಕರೆಂಟು ಅದರಲ್ಲೇ ಸುತ್ತು ಹೊಡೆಯುತ್ತದೆ. ಎರಡು ಬಗೆಯ ವೈರುಗಳ ನಡುವೆ ಒಂದು ಅಡಿ ಅಂತರ, ದಾಟಲೇಬೇಕಾದಲ್ಲಿ ಅಡ್ಡಡ್ಡ. ಎಲ್ಲ ಅರ್ತ್‌ಗಳೂ ಒಂದೇ ತಾಮ್ರದ ಪಟ್ಟಿಗೆ. ಸ್ವಿಚ್ಚು ಮೊದಲು ಒತ್ತಿದರೆ ಕೂಡುವಂತಿತ್ತು, ಈಗ ಸದಾ ಕೂಡಿದ್ದು ಒತ್ತಿದರೆ ಬಿಡುವಂತೆ ಮಾಡಿದರು. ವೈರು ಹರಿದರೂ ಯಂತ್ರ ನಿಲ್ಲುತ್ತದೆ ಎಂಬುದು ಇದರ ದೊಡ್ಡ ಲಾಭ.

ಅಷ್ಟಕ್ಕೇ ಮುಕ್ಕಾಲು ಕಾಟ ಹೋಯಿತು. ಉಳಿದದ್ದಕ್ಕೆ ಬೋರ್ಡಿನ ಸ್ವಿಚ್ ಬಾಯಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರು, ವಿಎಫ್‌ಡಿಯ ಹಿಂದೆ ಲೈನ್ ಫಿಲ್ಟರು, ಮೋಟಾರಿನ ಮೂರೂ ಎಳೆಗಳನ್ನು ಒಟ್ಟಿಗೆ ಹಾಯಿಸಿದ ಒಂದು ಫೆರೈಟ್ ಉಂಗುರ. ಎರಡು ದಿನ ಬಿಟ್ಟು ನಾಲ್ಕು ತಾಸಿನ ಕೆತ್ತನೆ ಕೆಲಸ ಒಮ್ಮೆಯೂ ನಿಲ್ಲದೆ ಮುಗಿಯಿತು.

ಅರ್ತ್ ಗುಂಡಿಯ ಮಾತೂ ಇದೆ. ನಮ್ಮ ಎರೆ ಭೂಮಿ ಹಸಿ ಹಿಡಿದಿಡುತ್ತದೆ, ಕರೆಂಟು ಸಲೀಸಾಗಿ ಇಳಿಯುತ್ತದೆ. ಗೋವಾದ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಅದರ ಮೇಲೆ ಸಮುದ್ರದ ಉಪ್ಪು ಗಾಳಿ, ನಟ್ಟು ಬೋಲ್ಟು ತಿನ್ನುತ್ತದೆ. ಗುಂಡಿಗೆ ನೀರು ಹಾಕುವುದು, ಜೋಡಣೆ ಉಜ್ಜಿ ಬಿಗಿಯುವುದು ವರ್ಷಾ ವರ್ಷ ಮಾಡಬೇಕಾದ ಕೆಲಸ.

ಬಡಿಗರ ಯಂತ್ರದ ಕತೆ ನಮಗ್ಯಾಕೆ ಎನ್ನುವ ರೈತರು ತಮ್ಮ ಹೊಲದ ಶೆಡ್ಡಿನೊಳಗೆ ಇಣುಕಿ ನೋಡಲಿ. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯಲ್ಲಿ ಬಂದ ಎಸಿ ಸೋಲಾರ್ ಪಂಪುಗಳ ನಿಯಂತ್ರಕ ಡಬ್ಬಿಯೂ ಒಂದು ಬಗೆಯ ವಿಎಫ್‌ಡಿಯೇ. ತೊಟ್ಟಿಯ ನೀರಿನ ಮಟ್ಟ ಹೇಳುವ ಸೆನ್ಸರಿನ ವೈರನ್ನು ಮೋಟಾರು ಕೇಬಲ್ಲಿಗೇ ಸುತ್ತಿ ಬಿಟ್ಟಿದ್ದರೆ, ತೊಟ್ಟಿ ಖಾಲಿ ಇದ್ದಾಗಲೂ ತುಂಬಿದೆ ಎಂದು ಪಂಪು ನಿಲ್ಲಬಹುದು. ಡಬ್ಬಿ ಬದಲಿಸುವ ಮುಂಚೆ ವೈರು ಬೇರೆ ಮಾಡಿ ನೋಡಿರಿ. ಆದರೆ ಒಂದು ಎಚ್ಚರ: ಬ್ರಶ್ ಇರುವ ಸಣ್ಣ ಡಿ.ಸಿ. ಮೋಟಾರಿನ ಎರಡು ತುದಿಗೆ ಕೆಪಾಸಿಟರು ಹಾಕಿ ಗದ್ದಲ ತಗ್ಗಿಸುವುದು ಹಳೇ ಉಪಾಯ, ಅದು ಸರಿಯೇ. ಅದನ್ನೇ ವಿಎಫ್‌ಡಿಯಿಂದ ಮೋಟಾರಿಗೆ ಹೋಗುವ ವೈರಿಗೆ ಹಾಕಿದರೆ ಡಬ್ಬಿ ಸುಟ್ಟು ಹೋದೀತು.